ಅಪ್ಪ ಕಡಿದ ನೀಲಗಿರಿ

ಕೋಲಾರದವರ ಮುಂದೆ ನೀಲಗಿರಿ ಹೆಸರೆತ್ತಬಾರದು. ಬೋರ್‌ವೆಲ್ ಬತ್ತಿದ ಸಿಟ್ಟೆಲ್ಲ ಆ ಮರದ ಮೇಲೇ. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನು ನಿಷೇಧಿಸಿದ ಮೇಲೆ ಅಪ್ಪ ನಮ್ಮ ತೋಪನ್ನೂ ತೆಗೆಸಿಬಿಟ್ಟರು. ಅಂಥವರ ಮಗಳು ನಾನು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮನೆ ಮುಂದೆ ಕೈಯಾರೆ ನೀಲಗಿರಿ ನೆಟ್ಟಿದ್ದೆ!

ಊರಿನ ತೋಪಿನ ಜಾತಿಯಲ್ಲ ಇದು, ಯೂಕಲಿಪ್ಟಸ್ ಸೀಸಿಯಾ. ನರ್ಸರಿಯವರು ‘ಸಿಲ್ವರ್ ಪ್ರಿನ್ಸೆಸ್’ ಅಂತಾರೆ. ಕೊಂಬೆಗಳ ಮೇಲೆ ವಿಭೂತಿ ಬಳಿದಂಥ ಬಿಳಿ ಪುಡಿ, ಚಳಿಗಾಲದಲ್ಲಿ ಜೋತುಬೀಳುವ ಗುಲಾಬಿ ಹೂಗಳು, ಆಮೇಲೆ ಪುಟ್ಟ ಗಂಟೆಯಂಥ ಕಾಯಿ. ಪರ್ತ್‌ನ ತೋಟಗಳಲ್ಲಿ ಸಾಕಷ್ಟಿವೆ, ಕಾಡಿನಲ್ಲಿ ಅಪರೂಪ.

ಇಲ್ಲಿ ಮರಳು ಮಣ್ಣು, ಬೇಸಿಗೆಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಪಾಪ ಅಂತ ದಿನಾ ನೀರು ಹಾಕಿದೆ, ಗೊಬ್ಬರ ಹಾಕಿದೆ, ಕೋಲಿಗೆ ಬಿಗಿಯಾಗಿ ಕಟ್ಟಿದೆ. ಮೂರೇ ವರ್ಷಕ್ಕೆ ಕಿಟಕಿ ದಾಟಿತು. ಕೋಲು ಬಿಚ್ಚಿದ ವರ್ಷ ಜುಲೈ ಗಾಳಿಗೆ ಬೇಲಿ ಮೇಲೆ ಒರಗಿಬಿತ್ತು. ಅದೇ ವಾರ ಅಪ್ಪ ಬಂದಿಳಿದಿದ್ದರು. “ಇಲ್ಲೂ ಇದನ್ನೇ ನೆಟ್ಯಾ?” ಅಂದರು, ಅಷ್ಟೇ.

ಶನಿವಾರ ಎರಡು ಗಂಟೆ ಕಾರು ಓಡಿಸಿ ಬೋಯಾಗಿನ್ ರಾಕ್‌ಗೆ ಕರೆದೊಯ್ದೆ. ಈ ಜಾತಿ ತಾನಾಗಿ ಬೆಳೆಯುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಗೋಧಿ ಹೊಲಗಳ ಸೀಮೆಯಲ್ಲಿ ಬೋಳು ಗ್ರಾನೈಟ್ ಬಂಡೆ. “ನಮ್ಮ ಅಂತರಗಂಗೆ ಬೆಟ್ಟ ಇದ್ದಂಗೈತಲ್ಲಮ್ಮಾ” ಅಂದರು ಅಪ್ಪ. ಬಂಡೆಯ ಬಿರುಕಲ್ಲಿ ಸೊಟ್ಟ ಸೊಟ್ಟ ನಿಂತ ಮರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬುಡ ನೋಡಿದರು.

“ಇದಕ್ಯಾರು ನೀರು ಹೊಯ್ದರು? ಬಂಡೆ ಮೇಲೆ ಬಿದ್ದ ಮಳೆ ಬಿರುಕಿಗಿಳೀತದೆ, ಬೇರು ಹುಡುಕ್ಕೊಂಡು ಹೋಯ್ತದೆ. ನೀನು ಬಾಯಿಗೇ ತುತ್ತಿಟ್ಟೆ, ಅದ್ಯಾಕೆ ಕೆಳಗಿಳೀತದೆ?”

ಹಾಗಾದ್ರೆ ಊರಲ್ಲಿ ತಪ್ಪು ಮರದ್ದೋ, ಎಕರೆಗಟ್ಟಲೆ ಒತ್ತೊತ್ತಾಗಿ ನೆಟ್ಟ ನಮ್ಮದೋ ಅಂತ ಕೇಳಿದೆ. ಅಪ್ಪ ಬೀಳುಗಾಯಿ ಒಂದನ್ನು ತಿರುಗಿಸಿ ನೋಡುತ್ತಾ ಕೂತರು.

ಮನೆಗೆ ಬಂದು ಮರ ಕಿತ್ತು ಹಾಕೋಣ ಅಂದೆ. “ನೀಲಗಿರಿ ಕಡಿದ್ರೆ ಸಾಯ್ತದಾ? ಬುಡ ಕೀಳಕ್ಕೆ ಜೆಸಿಬಿ ತರಿಸಿದ್ದೆ ನಾನು!” ಅಂತ ಗರಗಸ ತಗೊಂಡು ನೆಲದಿಂದ ಗೇಣೆತ್ತರಕ್ಕೆ ಕೊಯ್ದರು. ಗೆಡ್ಡೆಯಂಥ ಬುಡದಲ್ಲಿ ಮೊಗ್ಗುಗಳು ಅಡಗಿರುತ್ತವೆ. ಬೆಂಕಿ ಬಿದ್ದರೂ ಅಲ್ಲಿಂದ ಚಿಗುರುತ್ತೆ. ಊರಲ್ಲಿ ಕೂಳೆ ಅಂತೀವಲ್ಲ, ಅದೇ.

ಅಕ್ಟೋಬರ್‌ಗೆ ನಾಲ್ಕು ಚಿಗುರು ಬಂದವು. ಈಗ ಕೋಲಿಲ್ಲ, ಗೊಬ್ಬರವಿಲ್ಲ. ಕಡುಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನಿಧಾನವಾಗಿ, ಆಳಕ್ಕಿಳಿಯೋ ಹಾಗೆ ನೀರು. ಅಪ್ಪ ವಿಡಿಯೋ ಕಾಲ್‌ನಲ್ಲಿ ರಾಗಿ, ಮಳೆ, ಅಮ್ಮನ ಮಂಡಿನೋವು ಎಲ್ಲ ಮಾತಾಡಿದ ಮೇಲೆ ಕೇಳುತ್ತಾರೆ: “ಅದು ಎಷ್ಟುದ್ದ ಬಂತು?” ಹೆಸರು ಮಾತ್ರ ಈಗಲೂ ಎತ್ತಲ್ಲ.