ಜೋಡಿ ತೆಂಗಿನಕಾಯಿಯಿಂದ ಕಿತ್ತಳೆ ಜಾಕೆಟ್‌ವರೆಗೆ

ವಿಟ್ಲದಿಂದ ಮಂಗಳೂರಿಗೆ ಹೋಗುವಾಗ ಕಲ್ಲಡ್ಕದಲ್ಲಿ ಇಳಿದು ಒಂದು ಕೆ.ಟಿ. ಕುಡಿಯದೆ ಮುಂದೆ ಹೋಗಬಾರದು ಎಂಬುದು ನನ್ನ ಹಳೆಯ ನಿಯಮ. ಗಾಜಿನ ಲೋಟದಲ್ಲಿ ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್. ಚಮಚ ಹಾಕಿ ತಿರುಗಿಸುವವರೆಗೆ ಎರಡೂ ತಮ್ಮ ತಮ್ಮ ಜಾಗ ಬಿಡುವುದಿಲ್ಲ. ಈ ಸಲ ಜೊತೆಗೆ ದೊಡ್ಡ ಮೊಮ್ಮಗಳಿದ್ದಳು. ಆರನೇ ಕ್ಲಾಸು ಮುಗಿಸಿ, ಬೇಸಿಗೆ ರಜೆಗೆಂದು ಊರಿಗೆ ಬಂದವಳನ್ನು ಮಂಗಳೂರಿಗೆ ವಾಪಸ್ ಬಿಡಲು ಹೊರಟಿದ್ದೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು.

"ಎಂತ ಅಜ್ಜ, ಇದು ಯಾಕೆ ಬೆರೆಯುವುದಿಲ್ಲ?"

"ಸಕ್ಕರೆ ಬೆರೆತ ಹಾಲು ಭಾರ, ಡಿಕಾಕ್ಷನ್ ಹಗುರ. ಭಾರದ್ದು ಕೆಳಗೆ, ಹಗುರದ್ದು ಮೇಲೆ."

"ಹಾಗಾದರೆ ನಮ್ಮ ಪುಟ್ಟ ನೀರಿನಲ್ಲಿ ಮೇಲೆ ಇರ್ತಾನಾ, ಕೆಳಗೆ ಹೋಗ್ತಾನಾ?"

ಪುಟ್ಟ ಎಂದರೆ ಅವಳ ತಮ್ಮ. ಎರಡೂವರೆ ವರ್ಷ, ಹನ್ನೆರಡು ಕೆಜಿ. ಬಿಜೈಯಲ್ಲಿ ಅವರಿರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಈಜುಕೊಳವಿದೆ. ಈ ಬೇಸಿಗೆಯಲ್ಲಿ ಅವನನ್ನೂ ನೀರಿಗೆ ಇಳಿಸಬೇಕು, ಅವನಿಗೆ ತೇಲಲು ಏನಾದರೂ ಕೊಳ್ಳಬೇಕು, ಅದನ್ನು ಅಜ್ಜನೇ ಆರಿಸಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅವಳ ಪ್ರಶ್ನೆಗೆ ನೇರ ಉತ್ತರ ಹೇಳುವುದು ಕಷ್ಟ. ನಮ್ಮ ಶರೀರ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡರೆ ಹೆಚ್ಚಿನವರು ತೇಲುತ್ತಾರೆ, ಉಸಿರು ಬಿಟ್ಟರೆ ಇಳಿಯುತ್ತಾರೆ. ತೇಲಿದರೂ ನೀರಿನ ಮೇಲೆ ಉಳಿಯುವುದು ಶರೀರದ ಒಂದು ಸಣ್ಣ ಪಾಲು ಮಾತ್ರ. ಆ ಪಾಲು ಮೂಗು ಬಾಯಿಯೇ ಆಗಿರಬೇಕು ಎಂಬುದು ಈಜಿನ ಅರ್ಧ ವಿದ್ಯೆ. ದೊಡ್ಡವರಲ್ಲಿ ತಲೆ ಎಂಬುದು ಎತ್ತರದ ಸುಮಾರು ಎಂಟನೇ ಒಂದು ಭಾಗ. ಎರಡು ವರ್ಷದ ಮಗುವಿನಲ್ಲಿ ಐದನೇ ಒಂದು ಭಾಗ. ಬಕೆಟಿಗೆ ಬಗ್ಗಿದ ಕೂಸು ತಲೆಕೆಳಗಾಗಿ ಬೀಳುವುದು ಇದರಿಂದಲೇ. ಕೊಳದಲ್ಲೂ ಅದೇ ತಲೆ, ಅದೇ ಭಾರ.

ಪಾಣೆಮಂಗಳೂರಿನಲ್ಲಿ ಬಸ್ಸು ನೇತ್ರಾವತಿಯನ್ನು ದಾಟುವಾಗ ನಾನು ಈಜು ಕಲಿತ ಕಥೆ ಶುರುವಾಯಿತು. ನಮ್ಮ ಅಡಿಕೆ ತೋಟದ ಕೆರೆಯಲ್ಲಿ ಕಲಿತದ್ದು, ಎಂಟನೇ ವಯಸ್ಸಿನಲ್ಲಿ. ಚೆನ್ನಾಗಿ ಒಣಗಿದ ಎರಡು ತೆಂಗಿನಕಾಯಿ ತೆಗೆದುಕೊಂಡು, ಎರಡರ ಸಿಪ್ಪೆಯಿಂದಲೂ ಒಂದೊಂದು ಪಟ್ಟಿಯನ್ನು ಅರ್ಧ ಸುಲಿದು, ಆ ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕುತ್ತಿದ್ದರು. ಗಂಟಿನ ಮೇಲೆ ಎದೆ ಇಟ್ಟು ಮಲಗಿದರೆ ಎರಡು ಕಂಕುಳಿನ ಬಳಿ ಎರಡು ಕಾಯಿ. ಕಾಲು ಬಡಿಯುವುದಷ್ಟೇ ನಮ್ಮ ಕೆಲಸ. ಕಾಯಿಯ ಸಿಪ್ಪೆಯ ನಾರಿನ ನಡುವೆ ಗಾಳಿ ತುಂಬಿರುತ್ತದೆ. ಸಮುದ್ರಕ್ಕೆ ಬಿದ್ದ ತೆಂಗಿನಕಾಯಿ ಎಲ್ಲೋ ದೂರದ ದ್ವೀಪದ ದಡ ಸೇರಿ ಮೊಳೆಯುವುದು ಇದೇ ನಾರಿನ ದಯೆಯಿಂದ. ನಾಲ್ಕು ದಿನ ಕಳೆದು ಧೈರ್ಯ ಬಂದ ಮೇಲೆ ದೊಡ್ಡಪ್ಪ ಹೇಳದೆ ಕೇಳದೆ ಕಾಯಿಯನ್ನು ಎಳೆದುಕೊಂಡು ಬಿಡುತ್ತಿದ್ದರು. ಅದೇ ನಮಗೆ ಪರೀಕ್ಷೆ.

ನಮ್ಮ ಕರಾವಳಿಯಲ್ಲಿ ತೆಂಗಿನಕಾಯಿ, ಬಯಲುಸೀಮೆಯ ಬಾವಿಗಳಲ್ಲಿ ಒಣಗಿದ ಸೋರೆಬುರುಡೆ, ಕೆಲವು ಕಡೆ ಸೊಂಟಕ್ಕೆ ಕಟ್ಟುವ ಬೆಂಡು, ಇನ್ನು ಕೆಲವು ಕಡೆ ಬಾಳೆದಿಂಡು. ಲಾರಿಗಳು ಬಂದ ಮೇಲೆ ಟಯರಿನ ಟ್ಯೂಬು. ಎಲ್ಲದರ ಲೆಕ್ಕವೂ ಒಂದೇ, ಮಕ್ಕಳೇ: ಒಂದು ವಸ್ತು ಒಂದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ನೀರು ಅದನ್ನು ಒಂದು ಕೆಜಿಯಷ್ಟು ಮೇಲಕ್ಕೆ ಒತ್ತುತ್ತದೆ. ವಸ್ತುವಿನ ಸ್ವಂತ ಭಾರ ಕಳೆದು ಉಳಿದದ್ದು ನಮಗೆ. ಆರ್ಕಿಮಿಡೀಸನ ಹೆಸರು ಗೊತ್ತಿಲ್ಲದೆಯೇ ದೊಡ್ಡಪ್ಪನಿಗೆ ಇದು ಗೊತ್ತಿತ್ತು.

ಆದರೆ ಒಂದು ಮಾತು. ಜೋಡಿ ಕಾಯಿಯ ಮೇಲೆ ಮಲಗುತ್ತಿದ್ದವರು ಏಳೆಂಟು ವರ್ಷದವರು. "ಬಿಗಿಯಾಗಿ ಹಿಡಿ" ಎಂದರೆ ಹಿಡಿಯುವವರು. ಎರಡು ವರ್ಷದ ಕೂಸನ್ನು ಯಾರೂ ಕೆರೆಯ ಹತ್ತಿರವೂ ಬಿಡುತ್ತಿರಲಿಲ್ಲ. ಈಗ ಕೊಳ ಮನೆಯ ಲಿಫ್ಟಿನ ಬುಡಕ್ಕೇ ಬಂದಿದೆ. ಹಿಡಿ ಎಂದರೆ ಬಿಡುವ ವಯಸ್ಸಿನವರೂ ನೀರಿಗೆ ಇಳಿಯುತ್ತಾರೆ. ಹಾಗಾಗಿ ದೊಡ್ಡಪ್ಪನ ವಿದ್ಯೆ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಮಂಗಳೂರಿನ ಏಪ್ರಿಲ್ ಸೆಕೆಯನ್ನು ಬಲ್ಲವರೇ ಬಲ್ಲರು. ಸಂಜೆ ಐದಕ್ಕೆ ಕೊಳದ ಬಳಿ ಜಾತ್ರೆ. ದೊಡ್ಡವರ ಕೊಳಕ್ಕೆ ಅಂಟಿಕೊಂಡಂತೆ ಎರಡಡಿ ಆಳದ ಮಕ್ಕಳ ಕೊಳ. ಅಲ್ಲಿ ತೇಲುತ್ತಿದ್ದ ಸರಂಜಾಮು ನೋಡಬೇಕು: ಹಳದಿ ಬಾತುಕೋಳಿ ಟ್ಯೂಬು, ಕೊಂಬಿರುವ ಬಿಳಿ ಕುದುರೆ, ತೋಳಿಗೆ ಗಾಳಿಪಟ್ಟಿ, ಬೆನ್ನಿಗೆ ಫೋಮಿನ ಹಲಗೆ, ಸೊಂಟಕ್ಕೆ ಫೋಮಿನ ಬೆಲ್ಟು. ನಾನು ಅರ್ಧ ಗಂಟೆ ಕುರ್ಚಿಯಲ್ಲಿ ಕುಳಿತು ನೋಡುವುದೆಂದು ನಿಶ್ಚಯಿಸಿದೆ. ಅಡಿಕೆ ಸಸಿ ಕೊಳ್ಳುವ ಮೊದಲೂ ನಾಲ್ಕು ತೋಟ ನೋಡುವುದಿಲ್ಲವೇ?

ಆಗ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಾಲು ತೂರಿಸಿ ಕೂರುವ ಚಡ್ಡಿಯಂಥ ಸೀಟು ಇರುವ ಟ್ಯೂಬಿನಲ್ಲಿ ಒಂದು ಮಗು ಕುಳಿತಿತ್ತು. ಒಂದೂವರೆ ವರ್ಷವಿರಬಹುದು. ಮುಂದೆ ತೇಲುತ್ತಿದ್ದ ಚೆಂಡಿಗೆ ಕೈ ಚಾಚಿತು. ಟ್ಯೂಬು ಮುಂದಕ್ಕೆ ವಾಲಿ ಒಂದೇ ಸಲಕ್ಕೆ ಮಗುಚಿಕೊಂಡಿತು. ಮಗುವಿನ ತಲೆ ನೀರಿನ ಅಡಿಗೆ, ಕಾಲು ಸೀಟಿನಲ್ಲಿ ಸಿಕ್ಕಿ ಮೇಲಕ್ಕೆ. ಚೀರಾಟ ಇಲ್ಲ, ನೀರು ಬಡಿದ ಸದ್ದಿಲ್ಲ. ಎರಡು ಹೆಜ್ಜೆ ದೂರದಲ್ಲಿದ್ದ ಅಜ್ಜಿ ಪಕ್ಕದವರಿಗೆ ಏನೋ ಹೇಳುತ್ತಿದ್ದರು, ಹೇಳುತ್ತಲೇ ಇದ್ದರು. ಈಜು ಕಲಿಸುವ ಮಾಸ್ತರರು ಕಂಡು, ಟ್ಯೂಬು ಸಮೇತ ಎತ್ತಿದರು. ಮಗು ಕೆಮ್ಮಿತು, ಆಮೇಲೆ ಜೋರಾಗಿ ಅತ್ತಿತು. ಆ ಅಳು ಕೇಳಿ ನಮಗೆಲ್ಲ ಜೀವ ಬಂತು.

ಆ ಅಜ್ಜಿಯನ್ನು ದೂರಲು ನನಗೆ ಮನಸ್ಸಿಲ್ಲ. ಮುಳುಗುವವರು ಕೈ ಬೀಸಿ "ಕಾಪಾಡಿ" ಎನ್ನುವುದನ್ನು ಸಿನಿಮಾದಲ್ಲಿ ನೋಡಿ ನಾವೆಲ್ಲ ಬೆಳೆದವರು. ನಿಜವಾಗಿ ಮುಳುಗುವ ಮಗು ಸದ್ದು ಮಾಡುವುದೇ ಇಲ್ಲ. ಬಾಯಿ ನೀರಿನಲ್ಲಿರುವಾಗ ಕೂಗುವುದು ಹೇಗೆ?

ಮಾಸ್ತರರ ಜೊತೆ ಮಾತಿಗೆ ಕುಳಿತೆ. "ಟ್ಯೂಬು ಆಟಿಕೆ ಮಾರಾಯ್ರೆ, ಅದನ್ನು ರಕ್ಷಣೆ ಅಂತ ತಿಳಿಯುವುದೇ ತೊಂದರೆ" ಎಂದರು. ತೋಳಿನ ಗಾಳಿಪಟ್ಟಿಯ ವಿಷಯದಲ್ಲಿ ಅವರು ಅಷ್ಟು ಕಠಿಣವಾಗಿರಲಿಲ್ಲ. ಈ ಪಟ್ಟಿಗೂ ಒಂದು ಕಥೆಯಿದೆ. ಜರ್ಮನಿಯ ಹ್ಯಾಂಬರ್ಗಿನ ಬರ್ನ್‌ಹಾರ್ಡ್ ಮಾರ್ಕ್ವಿಟ್ಸ್ ಎಂಬವರ ಪುಟ್ಟ ಮಗಳು ಕೊಳಕ್ಕೆ ಬಿದ್ದು ಸ್ವಲ್ಪದರಲ್ಲಿ ಬದುಕಿದಳು. ಆ ಅಪ್ಪ ತಲೆ ಕೆಡಿಸಿಕೊಂಡು ಮಾಡಿದ ತೋಳಪಟ್ಟಿಗಳು 1964ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಸೊಂಟದ ಟ್ಯೂಬಿನ ಹಾಗೆ ಇವು ಮಗುಚಿಕೊಳ್ಳುವುದಿಲ್ಲ. ಆದರೆ ಸರಿಯಾಗಿ ಹಾಕಬೇಕು. ಸ್ವಲ್ಪವೇ ಗಾಳಿ ತುಂಬಿ, ಒದ್ದೆ ಮಾಡಿ, ಭುಜದ ಹತ್ತಿರಕ್ಕೆ ಏರಿಸಿ, ಅಲ್ಲಿ ಪೂರ್ತಿ ಊದಬೇಕು. ಮೊಣಕೈ ಹತ್ತಿರ ಸಡಿಲವಾಗಿ ಬಿಟ್ಟರೆ, ಮಗು ಕೈ ಮೇಲೆತ್ತಿದಾಗ ಜಾರಿ ಹೋಗುತ್ತದೆ. ಸಣ್ಣ ತೂತಾದರೂ ಕೆಲಸ ಕೆಟ್ಟಿತು.

ಮರುದಿನ ಹಂಪನಕಟ್ಟೆಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ್ದು, "ಮಗುವಿಗೆ ಎಷ್ಟು ವರ್ಷ?"

"ಎಷ್ಟು ಕೆಜಿ ಅಂತ ಕೇಳಿ ಅಂಕಲ್," ಎಂದಳು ಮೊಮ್ಮಗಳು. ಹಿಂದಿನ ದಿನ ಮಾಸ್ತರರ ಮಾತನ್ನು ನನಗಿಂತ ಗಮನವಿಟ್ಟು ಕೇಳಿದ್ದಳು. ಅವಳು ಹೇಳಿದ್ದೇ ಸರಿ. ಎರಡು ವರ್ಷದ ಮಕ್ಕಳಲ್ಲಿ ಒಂಬತ್ತು ಕೆಜಿಯವರೂ ಇದ್ದಾರೆ, ಹದಿನೈದರವರೂ ಇದ್ದಾರೆ. ಜಾಕೆಟ್ಟಿನ ಒಳಭಾಗದಲ್ಲಿ ಇಷ್ಟರಿಂದ ಇಷ್ಟು ಕೆಜಿಗೆ ಎಂದು ಬರೆದಿರಬೇಕು. "ಬೆಳೆಯುತ್ತಾನಲ್ಲ, ಒಂದು ಸೈಜು ದೊಡ್ಡದೇ ಇರಲಿ" ಎಂದು ಯೂನಿಫಾರಂ ಕೊಳ್ಳುವ ನಮ್ಮ ಬುದ್ಧಿ ಇಲ್ಲಿ ಸಲ್ಲದು. ದೊಡ್ಡದಾದರೆ ಜಾಕೆಟ್ಟು ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ.

ಅಂಗಡಿಯವರು ಕುತ್ತಿಗೆಗೆ ತೊಡಿಸುವ ಒಂದು ಉಂಗುರವನ್ನೂ ತೋರಿಸಿದರು, ಹಸುಳೆಗಳಿಗಂತೆ. ಅದನ್ನು ನೋಡಿಯೇ ನನ್ನ ಮೈ ಜುಮ್ಮೆಂದಿತು. ಶಿಶುಗಳಿಗೆ ಇಂಥ ಕುತ್ತಿಗೆ ಉಂಗುರ ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2022ರಲ್ಲಿಯೇ ಎಚ್ಚರಿಸಿದೆ. ಬಾತುಕೋಳಿ ಟ್ಯೂಬಿನ ಪೆಟ್ಟಿಗೆಯ ಮೂಲೆಯಲ್ಲಿದ್ದ ಸಾಸಿವೆ ಅಕ್ಷರಗಳನ್ನು ನನ್ನ ಕನ್ನಡಕ ಓದಲಿಲ್ಲ, ಮೊಮ್ಮಗಳು ಓದಿ ಅರ್ಥ ಹೇಳಿದಳು: ಇದು ಜೀವರಕ್ಷಕ ಸಾಧನವಲ್ಲ. ಅಂಗಡಿಯವರೂ ಬಗ್ಗಿ ನೋಡಿದರು. ಅವರು ಅದನ್ನು ಓದಿದ್ದು ಅದೇ ಮೊದಲಿರಬೇಕು.

ಕೊನೆಗೆ ಆರಿಸಿದ್ದು ಫೋಮು ತುಂಬಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಗಾಳಿ ಊದುವ ಕೆಲಸವಿಲ್ಲ, ತೂತಾಗುವ ಭಯವಿಲ್ಲ. ಕುತ್ತಿಗೆಯ ಹಿಂದೆ ತಲೆಗೆ ಆಧಾರ ಕೊಡುವ ಕಾಲರು. ಎತ್ತಿಕೊಳ್ಳಲು ಗಟ್ಟಿ ಹಿಡಿ. ಮುಖ್ಯವಾಗಿ, ಎರಡು ಕಾಲಿನ ನಡುವೆ ಹಾಯ್ದು ಬರುವ ಒಂದು ಪಟ್ಟಿ. ಇದಿಲ್ಲದಿದ್ದರೆ ಜಾಕೆಟ್ಟು ಕಿವಿಯವರೆಗೆ ಏರಿ ಬರುತ್ತದೆ. ನೀಲಿ ಬಣ್ಣದ್ದು ಚೆಂದವಿತ್ತು, ಅವನ ಅಮ್ಮನಿಗೆ ಅದೇ ಇಷ್ಟ. ಆದರೆ ನೀಲಿ ಹೆಂಚಿನ ಕೊಳದಲ್ಲಿ ನೀಲಿ ಜಾಕೆಟ್ಟಿನ ಮಗುವನ್ನು ಹುಡುಕುವವರು ಯಾರು? ಬಕಲುಗಳನ್ನೆಲ್ಲ ಹಾಕಿ, ಜಾಕೆಟ್ಟಿನ ಎರಡು ಹೆಗಲನ್ನು ಹಿಡಿದು ಪುಟ್ಟನನ್ನು ಅಂಗಡಿಯಲ್ಲೇ ಮೇಲೆತ್ತಿದೆ. ಗಲ್ಲ, ಕಿವಿ ಒಳಗೆ ಜಾರಲಿಲ್ಲ. ಅವನಿಗೆ ಅದೊಂದು ಆಟವಾಗಿ, "ಇನ್ನೊಮ್ಮೆ ಅಜ್ಜ" ಎಂದು ನಾಲ್ಕು ಸಲ ಎತ್ತಿಸಿಕೊಂಡ. ಮರುದಿನ ನನ್ನ ಸೊಂಟ ಅದರ ಲೆಕ್ಕ ಕೇಳಿತು, ಅದಿರಲಿ.

ಸಂಜೆ ನೀರಿಗಿಳಿದರು. ಮೊದಲು ಅವನ ಅಪ್ಪ, ಆಮೇಲೆ ಪುಟ್ಟ. ಮಾಸ್ತರರು ಹಾಕಿದ ಷರತ್ತು: ಜಾಕೆಟ್ಟು ಇದ್ದರೂ ದೊಡ್ಡವರು ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ, ನೀರಿನ ಒಳಗೇ ಇರಬೇಕು. ದಡದ ಕುರ್ಚಿಯಲ್ಲಿ ಅಲ್ಲ. ಮೊಬೈಲು ಚೀಲದೊಳಗೆ. ನಾವು ನಾಲ್ವರು ದೊಡ್ಡವರಿದ್ದೆವು. ಹೀಗಿದ್ದಾಗಲೇ ಅಪಾಯ ಹೆಚ್ಚಂತೆ, ಇವರು ನೋಡುತ್ತಾರೆ ಎಂದು ಅವರು, ಅವರು ನೋಡುತ್ತಾರೆ ಎಂದು ಇವರು. ಹಾಗಾಗಿ ಹತ್ತು ಹತ್ತು ನಿಮಿಷ ಒಬ್ಬೊಬ್ಬರ ಪಾಳಿ, "ಈಗ ನನ್ನದು" ಎಂದು ಬಾಯಿಬಿಟ್ಟು ಹೇಳಿಯೇ ಬದಲಾಗುವುದು ಎಂದು ಮಾತಾಯಿತು.

ಇನ್ನೊಂದು ವಿಷಯ ನನಗೆ ಹೊಸತು. ಜಾಕೆಟ್ಟಿನಲ್ಲಿ ಮಗು ನಿಂತ ಭಂಗಿಯಲ್ಲಿ ತೇಲಿ, ನೀರಿನಲ್ಲಿ ನಿಂತರೆ ಸಾಕು, ಮುಳುಗುವುದಿಲ್ಲ ಎಂದು ನಂಬಿಬಿಡುತ್ತದೆ. ಜಾಕೆಟ್ಟು ಕಳಚಿ, ನಾವು ಟವೆಲು ಹುಡುಕುವ ಒಂದು ನಿಮಿಷದಲ್ಲಿ ಅದೇ ನಂಬಿಕೆಯಿಂದ ಮತ್ತೆ ನೀರಿಗೆ ನಡೆದುಬಿಡುತ್ತದೆ. ಅದಕ್ಕೆ ಜಾಕೆಟ್ಟು ಕಳಚುವುದು ಕೊಳದ ಗೇಟು ದಾಟಿ, ಚಿಲಕ ಹಾಕಿದ ಮೇಲೆಯೇ. ನೀರಿನಲ್ಲಿ ಮಾತ್ರ ದಿನಕ್ಕೆ ಐದು ನಿಮಿಷ ಜಾಕೆಟ್ಟಿಲ್ಲದೆ, ಅಪ್ಪನ ಅಂಗೈ ಮೇಲೆ ಅಂಗಾತ ಮಲಗುವ ಅಭ್ಯಾಸ. ಮೊದಲ ದಿನ ಪುಟ್ಟ ಮೈಯನ್ನು ಸೆಟೆಸಿಕೊಂಡು ಅತ್ತ. ಮೂರನೇ ದಿನ ಕಿವಿಗೆ ನೀರು ತಾಗಿದರೂ ಆಕಾಶದಲ್ಲಿ ಹದ್ದು ತೋರಿಸಿದ.

ನಾನು ಊರಿಗೆ ಮರಳಿ ವಾರವಾಯಿತು. ನಿನ್ನೆ ಮೊಮ್ಮಗಳ ಫೋನು. ಅವಳು ಈಗ ದೊಡ್ಡ ಕೊಳದ ಅಗಲವನ್ನು ಒಂದೇ ಉಸಿರಿಗೆ ದಾಟುತ್ತಾಳಂತೆ. ಮಳೆ ಹಿಡಿಯುವ ಮೊದಲು ಒಮ್ಮೆ ತೋಟದ ಕೆರೆಗೆ ಇಳಿಯಬೇಕು, ಅಪ್ಪನೂ ಜೊತೆಗೆ ಇಳಿಯುತ್ತಾನೆ, ಎರಡು ಒಣಕಾಯಿ ಆರಿಸಿ ಇಡಿ ಎಂದಳು. ಎರಡೂ ಒಂದೇ ತೂಕದವು ಬೇಕಂತೆ, ತಕ್ಕಡಿಯಲ್ಲಿ ತೂಗಿಯೇ ಇಡಬೇಕಂತೆ.