ಘಟ್ಟ ಹತ್ತದ ರೈಲು

ಒಲೆಗೆ ಇನ್ನೊಂದು ಮಡಲು ತಳ್ಳಿ, ಹೇಳ್ತೇನೆ. ಗೋವೆಯ ಪೆಡ್ನೆ ಸುರಂಗದ ಮೆತ್ತನೆ ಮಣ್ಣು ಕುಸಿದು ಕುಸಿದು ತಡವಾಗಿ, ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ಕ್ಕೆ. ಆಮೇಲೊಂದು ದಿನ ಅಜ್ಜ ನನ್ನನ್ನು ಮಿರ್ಜಾನದ ಹಳಿಯ ಹತ್ತಿರ ಕರೆದುಕೊಂಡು ಹೋದ.

ಅಜ್ಜನ ಮಟ್ಟಿಗೆ ರೈಲೆಂದರೆ ಹುಬ್ಬಳ್ಳಿ. ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ, ಆ ಜಂಕ್ಷನ್ನಿನಲ್ಲಿ ಗಾಡಿ ಹಿಡಿಯಬೇಕು. ಅವನ ಅಜ್ಜನ ಕಾಲದಲ್ಲಿ ದಾರಿ ತಿರುಗುಮುರುಗಾಗಿತ್ತು. ಹುಬ್ಬಳ್ಳಿ, ಧಾರವಾಡದ ಹತ್ತಿ ಎತ್ತಿನ ಬೆನ್ನೇರಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಸಿಗದಾದ ಮೇಲೆ ಇದಕ್ಕೆ ಬಂದ ಬೆಲೆ ಕೇಳಬೇಡಿ. ಬಯಲುಸೀಮೆಯಲ್ಲಿ ಬೆಳೆದರೂ ಹೊರಗಿನ ಪೇಟೆಯಲ್ಲಿ ಅದು ಕುಮಟಾ ಹತ್ತಿ! 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ಲೋಂಡಾ ಮೇಲೆ ಗೋವೆಯ ಮುರ್ಗಾಂವ್ ಬಂದರಿಗೆ ಹಳಿ ಕೂಡಿತು. ಹತ್ತಿ ಆ ದಾರಿ ಹಿಡಿಯಿತು. ಹುಬ್ಬಳ್ಳಿ ಬೆಳೆಯಿತು, ನಮ್ಮ ಬಂದರು ಸೊರಗಿತು. ಅಜ್ಜ ಇದನ್ನು ಮನೆಯ ಸಾವಿನ ಸುದ್ದಿಯಂತೆ ಹೇಳುತ್ತಿದ್ದ.

ಆ ದಿನ, ಕಗ್ಗ ಭತ್ತ ಕೊಯ್ದು ಮುಗಿದ ಗಜನಿ ಗದ್ದೆಯಲ್ಲಿ ಉಪ್ಪುನೀರು ನಿಂತಿತ್ತು. ಅಘನಾಶಿನಿ ಸೇತುವೆಯ ಕಡೆಯಿಂದ ಮೊದಲು ಸದ್ದು, ಆಮೇಲೆ ಕಾಲಡಿಯ ನೆಲಕ್ಕೆ ನಡುಕ, ಆಮೇಲೆ ಗಾಡಿ. ಮಕ್ಕಳೆಲ್ಲ ಕೂಗಿದೆವು. ಅಜ್ಜ ಕೈ ಮುಗಿದ. ಹಳಿಯ ಕೆಲಸದ ಹುಡುಗನೊಬ್ಬ ನಿಂತಿದ್ದ. ಅಜ್ಜ ಅವನನ್ನು ಕೇಳಿದ:

"ತಮಾ, ಇದು ಹುಬ್ಬಳ್ಳಿಗೆ ಹೋಗ್ತದ್ಯೋ?"

"ಇಲ್ಲ ಅಜ್ಜಾ. ಮಂಗಳೂರು, ಮುಂಬೈ. ಘಟ್ಟ ಹತ್ತೂದಿಲ್ಲ."

"ಹಾಗಾದ್ರೆ ಕಾಯಿ ಲಾರಿಗೇ ಹಾಕ್ಬೇಕು," ಎಂದ ಅಜ್ಜ.

ರೈಲು ಕೊಟ್ಟದ್ದು ಸಣ್ಣದಲ್ಲ. ಮುಂಬೈಯಲ್ಲಿರುವ ಮಕ್ಕಳಿಗೆ ಊರು ಹತ್ತಿರವಾಯಿತು. ಆದರೆ ಮಿರ್ಜಾನದ ನಿಲ್ದಾಣದ ಸುತ್ತ ಪೇಟೆ ಬೆಳೆಯಲಿಲ್ಲ. ದೂರದ ಗಾಡಿಗಳು ನಿಲ್ಲದೇ ಹೋಗುತ್ತವೆ, ಅಂಗಡಿ ಸಾಲು ಇವತ್ತಿಗೂ ಹೆದ್ದಾರಿಯ ಮಗ್ಗುಲಲ್ಲೇ. ಕಡಲಿನ ಸರಕಿಗೆ ಘಟ್ಟದ ಮೇಲಿನ ಪೇಟೆ, ಅಲ್ಲಿಯ ಬೆಳೆಗೆ ಕೆಳಗಿನ ಬಂದರು: ಇವೆರಡನ್ನು ಕೂಡಿಸುವ ಹಳಿ ಬಿದ್ದಲ್ಲಿ ಊರು ಕಟ್ಟುತ್ತದೆ ಎಂದು ನಾನೂ ನಂಬಿದ್ದೇನೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ಎದ್ದಾಗ ಅಜ್ಜನಿಗೆ ಮತ್ತೆ ಹರೆಯ ಬಂದಂತಾಗಿತ್ತು. "ಅಂಕೋಲೆ ಜಂಕ್ಷನ್ ಆಗ್ಲಿ, ಆಮೇಲೆ ನೋಡು," ಎನ್ನುತ್ತಲೇ ಹೋದ. ಘಟ್ಟದ ಕಾಡು ಕಡಿಯಬೇಕಲ್ಲ ಎಂದರೆ ಮಾತ್ರ ಸುಮ್ಮನಾಗುತ್ತಿದ್ದ. ಆ ಕಾಡೂ ಅವನದೇ. ಕಾಡಿನ ತಕರಾರು, ಕೋರ್ಟು ಎಲ್ಲ ದಾಟಿ ಆ ಹಳಿ ಇನ್ನೂ ಘಟ್ಟ ಇಳಿದಿಲ್ಲ.