“ಆಮೇಲೆ” ಎಂಬ ಮಾತು

ತುಮಕೂರು ಸೀಮೆಯ ಯಾವ ಪ್ರಾಥಮಿಕ ಪಾಠಶಾಲೆಯಲ್ಲಾದರೂ ಮಕ್ಕಳಿಗೆ ಸಿದ್ಧಗಂಗೆಯ ಜಾತ್ರೆಯ ವಿಷಯವಾಗಿ ನಾಲ್ಕು ಮಾತು ಬರೆಯಿರೆಂದು ಹೇಳಿದರೆ, ಹಾಳೆಯ ತುಂಬ ಒಂದೇ ಪದವು ಎದುರಾಗುವುದು. “ಜಾತ್ರೆಗೆ ಹೋದೆವು. ಆಮೇಲೆ ಬೆಟ್ಟ ಹತ್ತಿದೆವು. ಆಮೇಲೆ ಎತ್ತುಗಳನ್ನು ನೋಡಿದೆವು. ಆಮೇಲೆ ಬತ್ತಾಸು ಕೊಂಡೆವು. ಆಮೇಲೆ ಮನೆಗೆ ಬಂದೆವು.” ಇದನ್ನು ಓದಿ ಹಿರಿಯರು ನಗುವರು, ಉಪಾಧ್ಯಾಯರು ಕೆಂಪು ಶಾಯಿಯಿಂದ ಗೀಟೆಳೆಯುವರು. ಎರಡೂ ಆತುರವೇ ಸರಿ. ಏತಕ್ಕೆಂದರೆ, “ಆಮೇಲೆ” ಎಂದು ಬರೆದ ಮಗುವು ಲೋಕದ ವ್ಯಾಪಾರಗಳು ಒಂದರ ಹಿಂದೊಂದಾಗಿ ನಡೆಯುವುವೆಂಬುದನ್ನು ಆಗಲೇ ಕಂಡುಕೊಂಡಿದೆ. ಅದರ ಕೈಯಲ್ಲಿ ಒಂದೇ ನಾಣ್ಯವಿದೆ; ಆದುದರಿಂದ ಎಲ್ಲವನ್ನೂ ಅದರಿಂದಲೇ ಕೊಳ್ಳುತ್ತದೆ. ನಾಣ್ಯವನ್ನು ಕಸಿದುಕೊಳ್ಳುವುದು ಶಿಕ್ಷಣವಲ್ಲ, ಮತ್ತಷ್ಟು ನಾಣ್ಯಗಳನ್ನು ಕೊಡುವುದು ಶಿಕ್ಷಣ.

“ಮೊದಲು, ಅನಂತರ, ಕೊನೆಗೆ” ಎಂಬ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವ ವಾಡಿಕೆಯುಂಟು. ಅದು ಬೇಡವೆನ್ನಲಾಗದು, ಆದರೆ ಕನ್ನಡದ ಸಿರಿ ಅಷ್ಟರಲ್ಲಿಯೇ ಮುಗಿಯದು. ನಮ್ಮ ನುಡಿಯಲ್ಲಿ ಕಾಲದ ಕೊಂಡಿಯು ಹೆಚ್ಚಾಗಿ ಕ್ರಿಯಾಪದದ ಒಡಲಿನಲ್ಲಿಯೇ ಇರುತ್ತದೆ. ಹೋಗಿ, ಹೋಗುತ್ತ, ಹೋದ ಮೇಲೆ, ಹೋಗುವ ಮುನ್ನ, ಹೋದೊಡನೆ, ಹೋಗುವಷ್ಟರಲ್ಲಿ, ಹೋಗುವವರೆಗೆ: ಒಂದೇ ಧಾತುವಿನಿಂದ ಏಳು ಬಗೆಯ ಕಾಲಸಂಬಂಧ! ಇವುಗಳಲ್ಲಿ “ಹೋಗಿ, ಹೋಗುತ್ತ” ಎಂಬಂತಹವನ್ನು ವ್ಯಾಕರಣವು ಕೃದಂತಾವ್ಯಯಗಳೆಂದು ಕರೆಯುತ್ತದೆ. ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ತೀರ್ಥಪುರದಲ್ಲಿ ಎಂಬುದು ಇಲ್ಲಿನ ಉಪಾಧ್ಯಾಯರಿಗೆ ಹೆಮ್ಮೆಯ ಮಾತು. ಆದರೆ ಮಗುವಿಗೆ ಬೇಕಾದುದು ಹೆಸರಲ್ಲ, ಬಳಕೆ. ಅಜ್ಜಿಯ ಕತೆಯಲ್ಲಿ ಈ ರೂಪಗಳನ್ನೆಲ್ಲ ಅದು ಕೇಳಿಯೇ ಇದೆ. ಕಿವಿಯಲ್ಲಿರುವುದನ್ನು ಕೈಗೆ ಇಳಿಸುವುದಷ್ಟೇ ಉಳಿದಿರುವ ಕೆಲಸ.

ಇದು ಕೇವಲ ಶೈಲಿಯ ಅಲಂಕಾರವೆಂದು ಯಾರೂ ಎಣಿಸಬಾರದು. ಜನಪದ ಗೀತದಿಂದ ನಾಡಿಗೆಲ್ಲ ಹೆಸರಾದ ಕುಣಿಗಲ್ ಕೆರೆಯನ್ನೇ ನೆನೆಯೋಣ. “ಏರಿ ಒಡೆಯುವ ಮುನ್ನ ಜನರು ಬಂದರು”, “ಏರಿ ಒಡೆದ ಮೇಲೆ ಜನರು ಬಂದರು” ಎಂದು ಎರಡು ವಾಕ್ಯಗಳನ್ನು ಕಲ್ಪಿಸಿಕೊಂಡರೆ, ಮೊದಲನೆಯದರಲ್ಲಿ ಊರು ಉಳಿಯುವ ಆಸೆಯಿದೆ. ಎರಡನೆಯದರಲ್ಲಿ ಗದ್ದೆಗಳು ಕೊಚ್ಚಿಹೋಗಿವೆ. ಜಗಳದಲ್ಲಿ ಮೊದಲು ಕೈಯೆತ್ತಿದವನಾರೆಂದು ಕೇಳಿದಾಗ ಕ್ರಮವಾಗಿ ಹೇಳಲಾರದ ಬಾಲಕನು ತಪ್ಪಿಲ್ಲದಿದ್ದರೂ ಪೆಟ್ಟು ತಿನ್ನುವನು. ಕ್ರಮ ತಪ್ಪಿದ ನಿಜವು ಸುಳ್ಳಿನಂತೆ ಕೇಳಿಸುತ್ತದೆ.

ಇನ್ನೊಂದು ಸೂಕ್ಷ್ಮವುಂಟು. “ತಾಯಿ ಅಡಿಗೆ ಮಾಡಿ ಮಗು ಉಂಡಿತು” ಎಂದರೆ ಕಿವಿ ಒಪ್ಪದು. “ಮಾಡಿದ ಮೇಲೆ” ಎನ್ನಬೇಕು. “ಮಾಡಿ” ಎಂಬುದು ಸಾಮಾನ್ಯವಾಗಿ ಎರಡು ಕೆಲಸಗಳಿಗೂ ಒಬ್ಬನೇ ಕರ್ತೃವನ್ನು ಬಯಸುತ್ತದೆ. ಮಕ್ಕಳು “ಆಮೇಲೆ”ಯನ್ನು ಬಿಟ್ಟೊಡನೆ ಎಡವುವುದು ಇಲ್ಲಿಯೇ. ಆಗ ಸೂತ್ರವನ್ನು ಹೇಳುವುದಕ್ಕಿಂತ “ಅಡಿಗೆ ಮಾಡಿದವರು ಯಾರು? ಉಂಡವರು ಯಾರು?” ಎಂದು ಕೇಳುವುದು ಲೇಸು. ಉತ್ತರ ಹೇಳುತ್ತಲೇ ಮಗುವು ತನ್ನ ವಾಕ್ಯವನ್ನು ತಾನೇ ತಿದ್ದಿಕೊಳ್ಳುವುದು.

ಗುಬ್ಬಿಯ ಹೆಸರು ಕೇಳಿದೊಡನೆ 1884ರಲ್ಲಿ ಹುಟ್ಟಿದ ಅಲ್ಲಿನ ನಾಟಕ ಕಂಪನಿಯೂ ವೀರಣ್ಣನವರೂ ನೆನಪಾಗುವರು. ದೃಶ್ಯಗಳ ಅನುಕ್ರಮ ಕೆಟ್ಟರೆ ನಾಟಕವೇ ಕೆಡುವುದೆಂಬುದು ರಂಗದ ಮೊದಲ ಪಾಠ. ಪಾಠಶಾಲೆಯೂ ಇದನ್ನು ಎರವಲು ಪಡೆಯಬಹುದು. ರಾಗಿಯ ಬಿತ್ತನೆ, ಕಳೆ, ಕೊಯ್ಲು, ಕಣ, ಮುದ್ದೆ ಇವನ್ನು ಬಿಡಿ ಚೀಟಿಗಳಲ್ಲಿ ಬರೆದು ಕಲಸಿಕೊಟ್ಟರೆ ಮಕ್ಕಳು ವಾದಿಸುತ್ತ ಜೋಡಿಸುವರು, ಜೋಡಿಸಿದ ಮೇಲೆ ಬಾಯಲ್ಲಿ ಹೇಳುವರು, ಹೇಳಿದುದನ್ನೇ ಬರೆಯುವರು. ಆಡುತ್ತ ಕಲಿಯುವ ಈ ದಾರಿ ನಾಡಿಗೆ ಹೊಸದಲ್ಲ; ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯು ಅದನ್ನೇ ಹಿಡಿಯಿತು.

ಮನೆಯವರು ಮಾಡಬೇಕಾದುದು ಇನ್ನೂ ಸುಲಭ. ಶಾಲೆಯಿಂದ ಬಂದ ಮಗುವನ್ನು “ಏನಾಯಿತು?” ಎಂದು ಕೇಳಿ ಸುಮ್ಮನಾಗದೆ, “ಅದಕ್ಕೆ ಮುನ್ನ? ಅಷ್ಟರಲ್ಲಿ?” ಎಂದು ಕೇಳಬೇಕು, ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ತಾಳ್ಮೆಯಿಂದ ಕಾಯಬೇಕು.